ಕೊಪ್ಪಳದಿಂದ ಒಂದು ಉಪಗ್ರಹ: ಲೆಕ್ಕ ಹಾಕಿದ ಮೇಲೆ ಉಳಿದದ್ದು

ನಮ್ಮ ಎಲೆಕ್ಟ್ರಾನಿಕ್ಸ್ ವಿಭಾಗದ ಹುಡುಗ ಹುಡುಗಿಯರು ಸೇರಿ ಒಂದು ಪುಟ್ಟ ಉಪಗ್ರಹ ಮಾಡಬೇಕು ಅಂದಾಗ ನಾನು ಒಂದೇ ಷರತ್ತು ಹಾಕಿದೆ. ಮೊದಲ ಸೆಮಿಸ್ಟರ್ ಪೂರ್ತಿ ಯಾರೂ ಉಪಗ್ರಹಕ್ಕೆ ಬೆಸುಗೆ ಹಾಕುವಂತಿಲ್ಲ. ಆಗುತ್ತದೋ ಇಲ್ಲವೋ ಅನ್ನುವುದನ್ನು ಲೆಕ್ಕದಲ್ಲಿ ತೋರಿಸಬೇಕು. ಲೆಕ್ಕಕ್ಕೆ ಬೇಕಾದ ಅಂಕಿ ಸಿಗದಿದ್ದರೆ ಮಾತ್ರ ಏನಾದರೂ ಕಟ್ಟಿ ಅಳೆಯಬಹುದು. ಇದು ಆ ಕೆಲಸದ ದಾಖಲೆ. ಕಲ್ಯಾಣ ಕರ್ನಾಟಕದ ಬೇರೆ ಕಾಲೇಜಿನವರಿಗೂ ಬೇಕಾಗಬಹುದು ಅಂತ ಅಂಕಿಗಳನ್ನೆಲ್ಲ ಬಿಡದೆ ಬರೆದಿದ್ದೇನೆ.

ಏನು ಮಾಡಬೇಕು ಅನ್ನುವ ಪ್ರಶ್ನೆ

ಎಲ್ಲರ ಬಾಯಲ್ಲೂ ಮೊದಲು ಬಂದದ್ದು ತುಂಗಭದ್ರಾ ಡ್ಯಾಮ್. ಅದು ಸಹಜ. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಮುನಿರಾಬಾದ್ ನಮ್ಮ ಜಿಲ್ಲೆಯದೇ. ‘ಮೇಡಂ, ನಮ್ಮ ಡ್ಯಾಮಿನ ಫೋಟೊ ಮ್ಯಾಲಿಂದ ನಾವ ತೆಗಿಯೋಣ್ರಿ, ನೀರು ಎಲ್ಲಿತನ ಐತಿ ಅಂತ ಗೊತ್ತಾಗ್ತದ’ ಅಂದರು.

ಎರಡನೆಯ ಯೋಚನೆ ಸಿರವಾರ ಕಡೆಯ ಹುಡುಗನದು. ಅವರ ಹೊಲ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ‘ಮ್ಯಾಲಿನ ಗೇಟ್‌ನ್ಯಾಗ ಎಷ್ಟು ನೀರು ಬಿಟ್ಟಾರ ಅಂತ ನಮಗ ತಿಳಿಯಂಗಿಲ್ರಿ. ಕಾಲುವಿಗೆ ಸೆನ್ಸರ್ ಹಾಕಿ ಸ್ಯಾಟಲೈಟ್ ಮ್ಯಾಲೆ ಕಳಿಸಿದ್ರ?’ ಕೊನೆ ಭಾಗದ ರೈತರ ಕಷ್ಟ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು. ಅಳತೆಗೆ 1ಯು ಕ್ಯೂಬ್‌ಸ್ಯಾಟ್ ಆರಿಸಿದೆವು. ಪ್ರತಿ ಬದಿ ಸುಮಾರು 10 ಸೆಂಟಿಮೀಟರ್ ಇರುವ ಡಬ್ಬಿ. 1999ರಲ್ಲಿ ಅಮೆರಿಕದ ಜೋರ್ಡಿ ಪುಯಿಗ್-ಸುವಾರಿ ಮತ್ತು ಬಾಬ್ ಟ್ವಿಗ್ಸ್ ಎಂಬ ಇಬ್ಬರು ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗಾಗಿಯೇ ರೂಪಿಸಿದ ಅಳತೆ ಇದು. ಕಕ್ಷೆ 500 ಕಿಲೋಮೀಟರ್ ಎತ್ತರ, ಧ್ರುವಗಳ ಮೇಲೆ ಹಾಯುವಂಥದ್ದು ಅಂತ ಇಟ್ಟುಕೊಂಡೆವು. ಅಲ್ಲಿ ಒಂದು ಸುತ್ತಿಗೆ 94.6 ನಿಮಿಷ. ದಿನಕ್ಕೆ 15 ಸುತ್ತು.

ಎಷ್ಟು ಹೊತ್ತು ಕಾಣುತ್ತದೆ?

ದಿನಕ್ಕೆ 15 ಸುತ್ತು ಅಂದ ಕೂಡಲೇ ಹುಡುಗರು 15 ಸಲ ಮಾತಾಡಬಹುದು ಅಂದುಕೊಂಡಿದ್ದರು. ಹಾಗಲ್ಲ. ಭೂಮಿ ಕೆಳಗೆ ತಿರುಗುತ್ತಿರುತ್ತದೆ. ಕೊಪ್ಪಳ ಇರುವುದು ಉತ್ತರ ಅಕ್ಷಾಂಶ 15 ಡಿಗ್ರಿಯ ಹತ್ತಿರ. ಇಲ್ಲಿಂದ ದಿಗಂತಕ್ಕಿಂತ 10 ಡಿಗ್ರಿ ಮೇಲೆ ಬರುವ ಹಾಯುವಿಕೆ ದಿನಕ್ಕೆ ಸರಾಸರಿ ಎರಡೂವರೆ ಮಾತ್ರ. ನೆತ್ತಿಯ ಮೇಲೆ ಹೋದರೆ 7.4 ನಿಮಿಷ, ಸರಾಸರಿ ಆರು ನಿಮಿಷಕ್ಕೂ ಕಮ್ಮಿ. ಒಟ್ಟು ದಿನಕ್ಕೆ ಸುಮಾರು 14 ನಿಮಿಷ. ಧ್ರುವದ ಹತ್ತಿರ ಇರುವವರಿಗೆ ಇದೇ ಉಪಗ್ರಹ ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಕಾಣುತ್ತದೆ. ನಮಗೆ ಆ ಅನುಕೂಲ ಇಲ್ಲ. ಉಪಗ್ರಹದ ಕೆಲಸ ಏನೇ ಇರಲಿ, ಈ 14 ನಿಮಿಷದಲ್ಲಿ ಇಳಿಯುವಷ್ಟೇ ಮಾಹಿತಿ ನಮ್ಮದು.

10 ಡಿಗ್ರಿ ಯಾಕೆ? ಮೊಬೈಲಿನ ಕೋನ ಅಳೆಯುವ ಆ್ಯಪ್ ಹಿಡಿದು ಹಾಸ್ಟೆಲ್ ಮಾಳಿಗೆ ಮೇಲೆ ಸುತ್ತಲೂ ಅಳೆದೆವು. ಗುಡ್ಡದ ಕಡೆ ದಿಗಂತ 6 ಡಿಗ್ರಿವರೆಗೆ ಮುಚ್ಚಿದೆ, ನೀರಿನ ಟ್ಯಾಂಕಿನ ಕಡೆ 9. ಉಳಿದ ಕಡೆ ಬಯಲು. ಹಾಗಾಗಿ 10 ಅಂದರೆ ಸುರಕ್ಷಿತ.

ರೇಡಿಯೊ ಲೆಕ್ಕ, ಮತ್ತೆ ಅದನ್ನು ಅಳೆಯಲು ಕಟ್ಟಿದ ಆಂಟೆನಾ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿದ್ಯಾರ್ಥಿ ಉಪಗ್ರಹಗಳು ಹೆಚ್ಚಾಗಿ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳ ರೇಡಿಯೊ ತರಂಗಗಳನ್ನು ಬಳಸುತ್ತವೆ. 435ರಿಂದ 438 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದಕ್ಕೆ ಅವಕಾಶ ಇದೆ. 10 ಡಿಗ್ರಿ ಎತ್ತರದಲ್ಲಿ ಉಪಗ್ರಹ ನಮ್ಮಿಂದ ಸುಮಾರು 1,700 ಕಿಲೋಮೀಟರ್ ದೂರ ಇರುತ್ತದೆ. ಅಷ್ಟು ದಾರಿಯಲ್ಲಿ 436 ಮೆಗಾಹರ್ಟ್ಸ್ ಸಂಕೇತ 149.8 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಪ್ರತಿ 10 ಡೆಸಿಬೆಲ್ ಅಂದರೆ ಹತ್ತು ಪಟ್ಟು. ಉಪಗ್ರಹ 1 ವಾಟ್ ಕಳಿಸಿದರೆ ಅದು 30 ಡಿಬಿಎಂ, ಅಂದರೆ 1 ಮಿಲಿವಾಟಿಗಿಂತ 30 ಡೆಸಿಬೆಲ್ ಹೆಚ್ಚು. ಕೇಬಲ್‌ನಲ್ಲಿ 1 ಡೆಸಿಬೆಲ್ ಹೋಯಿತು. ಉಪಗ್ರಹ ತಿರುಗುವುದರಿಂದ ಆಂಟೆನಾಗಳ ದಿಕ್ಕು ಹೊಂದದೆ 3 ಹೋಯಿತು. ವಾತಾವರಣಕ್ಕೆ 1, ನಮ್ಮ ಕಡೆಯ ಕೇಬಲ್‌ಗೆ 1. ಒಂದೇ ದಿಕ್ಕಿನ ಸಂಕೇತವನ್ನು ಜೋರಾಗಿ ಹಿಡಿಯುವ ನಮ್ಮ ಯಾಗಿ ಆಂಟೆನಾ 12 ಕೊಡುತ್ತದೆ. ಕೂಡಿ ಕಳೆದರೆ ನಮಗೆ ತಲುಪುವುದು ಮೈನಸ್ 113.8 ಡಿಬಿಎಂ.

ಇದು ಸಾಕೇ ಅನ್ನುವುದು ನಾಯ್ಸ್, ಅಂದರೆ ಸಂಕೇತದ ಜೊತೆ ಸೇರುವ ಬೇಡದ ರೇಡಿಯೊ ಸದ್ದು, ಎಷ್ಟಿದೆ ಅನ್ನುವುದರ ಮೇಲೆ ನಿಂತಿದೆ. ಅದನ್ನು ತಾಪಮಾನದಂತೆ ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಪುಸ್ತಕದ ಪ್ರಕಾರ 600 ಕೆಲ್ವಿನ್ ಹಿಡಿದರೆ, ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ನಮಗೆ ಬೇಕಾದ್ದಕ್ಕಿಂತ 3.8 ಡೆಸಿಬೆಲ್ ಹೆಚ್ಚಿಗೆ ಉಳಿಯುತ್ತದೆ. ವೇಗ ಅರ್ಧ ಮಾಡಿದರೆ 3 ಡೆಸಿಬೆಲ್ ಸೇರುತ್ತದೆ. 4,800 ಬಿಟ್‌ಗೆ 6.8.

ಆದರೆ ಆ 600 ಕೆಲ್ವಿನ್ ನಮ್ಮ ಮಾಳಿಗೆಯದಲ್ಲ, ಅಲ್ವಾ? ಅದನ್ನು ಅಳೆಯಲೇಬೇಕು. ಅದಕ್ಕಾಗಿ ಕಟ್ಟಲು ಒಪ್ಪಿದೆ.

ಏಳು ಕಡ್ಡಿಯ ಯಾಗಿ. 436 ಮೆಗಾಹರ್ಟ್ಸ್‌ನಲ್ಲಿ ಅರ್ಧ ತರಂಗ 34.4 ಸೆಂಟಿಮೀಟರ್. ಹಿಂದಿನ ಕಡ್ಡಿ ಅದಕ್ಕೆ ಹತ್ತಿರ, ಮುಂದಿನವು ಸ್ವಲ್ಪ ಸ್ವಲ್ಪ ಗಿಡ್ಡ. ಹಾರ್ಡ್‌ವೇರ್ ಅಂಗಡಿಯ ಅಲ್ಯುಮಿನಿಯಂ ಕಡ್ಡಿ, ಬಡಿಗೇರರು ಸವರಿ ಕೊಟ್ಟ ಸಾಗವಾನಿ ಪಟ್ಟಿ. ಮರ ಆದ್ದರಿಂದ ಕಡ್ಡಿಗಳು ಒಂದಕ್ಕೊಂದು ಮುಟ್ಟುವ ಚಿಂತೆ ಇಲ್ಲ. ಮಳೆಗೆ ಉಬ್ಬದಿರಲಿ ಅಂತ ವಾರ್ನಿಶ್ ಬಳಿದೆವು. ಆಂಟೆನಾದ ಬುಡದಲ್ಲೇ ಸಂಕೇತವನ್ನು ದೊಡ್ಡದು ಮಾಡುವ ಲೋ ನಾಯ್ಸ್ ಆಂಪ್ಲಿಫೈಯರ್. ಅದನ್ನು ಕೆಳಗೆ ಕೋಣೆಯಲ್ಲಿಟ್ಟರೆ ಕೇಬಲ್‌ನ ನಷ್ಟ ಮೊದಲೇ ಆಗಿಹೋಗಿರುತ್ತದೆ, ಆಮೇಲೆ ಎಷ್ಟು ದೊಡ್ಡದು ಮಾಡಿದರೂ ಉಪಯೋಗ ಇಲ್ಲ. ಕೊನೆಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಅನ್ನುವ ಪುಟ್ಟ ರೇಡಿಯೊ ರಿಸೀವರ್, ಹಳೆಯ ಲ್ಯಾಪ್‌ಟಾಪ್.

ಅಳೆಯುವ ವಿಧಾನ ಸರಳ. ಆಂಟೆನಾ ಬಿಚ್ಚಿ ಆ ಜಾಗಕ್ಕೆ 50 ಓಮ್‌ನ ಲೋಡ್ (ರೆಸಿಸ್ಟರ್) ಹಾಕಿ ಒಂದು ಓದು. ಮತ್ತೆ ಆಂಟೆನಾ ಹಾಕಿ ಇನ್ನೊಂದು ಓದು. ಎರಡರ ವ್ಯತ್ಯಾಸ ನೋಡಿ. ರಾತ್ರಿ ಪುಸ್ತಕದ ಅಂಕಿಗೆ ಹತ್ತಿರವೇ ಬಂತು. ಬೆಳಿಗ್ಗೆ ಬಿಸಿಲೇರುತ್ತಿದ್ದಂತೆ ನಾಯ್ಸ್ 4 ಡೆಸಿಬೆಲ್ ಮೇಲೆದ್ದು, ಸಂಜೆವರೆಗೂ ಇಳಿಯಲಿಲ್ಲ. ಅಂದರೆ 9,600ರ ಉಳಿಕೆ ಪೂರ್ತಿ ಖಲಾಸ್.

ಬಿಸಿಲಿನ ಜೊತೆ ಏರಿ ಬಿಸಿಲಿನ ಜೊತೆ ಇಳಿಯುವುದು ಏನು? ಮಾಳಿಗೆ ಮೇಲಿನ ಸೋಲಾರ್ ಇನ್ವರ್ಟರ್. ಯಾಗಿಯನ್ನೇ ಕೈಯಲ್ಲಿ ಹಿಡಿದು ತಿರುಗಿಸಿದಾಗ ಬಾಣದಂತೆ ಅಲ್ಲಿಗೇ ತೋರಿಸಿತು. ಇನ್ವರ್ಟರ್ ಒಳಗಿನ ಸ್ವಿಚಿಂಗ್ ಸದ್ದು ಪ್ಯಾನಲ್‌ಗಳಿಗೆ ಹೋಗುವ ಉದ್ದನೆಯ ಡಿಸಿ ತಂತಿಗಳಿಗೆ ಹತ್ತಿ, ಆ ತಂತಿಗಳೇ ಆಂಟೆನಾ ಆಗಿದ್ದವು. ಆಂಪ್ಲಿಫೈಯರ್ ಒಳ್ಳೆಯದು ಹಾಕಿದರೆ ಇದು ಹೋಗುವುದಿಲ್ಲ, ಏಕೆಂದರೆ ಸದ್ದು ಹೊರಗಿನಿಂದ ಬರುತ್ತಿದೆ. ಡಿಸಿ ತಂತಿಗಳ ಎರಡೂ ತುದಿಗೆ ಇಂಥ ಸದ್ದನ್ನು ತಡೆಯುವ ಫೆರೈಟ್ ಕ್ಲಾಂಪ್ ಹಾಕಿಸಿದೆವು. ಪ್ಲಸ್ ಮೈನಸ್ ತಂತಿ ದೂರ ದೂರ ಹೋಗುತ್ತಿದ್ದವು, ಜೋಡಿಸಿ ಒಟ್ಟಿಗೆ ಓಡಿಸಿದೆವು. ಆಂಟೆನಾವನ್ನು ಪಕ್ಕದ ಬ್ಲಾಕಿಗೆ ಸಾಗಿಸಿದೆವು. ಈಗ ಹಗಲಿನ ಏರಿಕೆ 1.5 ಡೆಸಿಬೆಲ್. ಇನ್ವರ್ಟರ್ ಮುಟ್ಟುವಾಗ ಕಾಲೇಜಿನ ಎಲೆಕ್ಟ್ರಿಷಿಯನ್ ಅಣ್ಣ ಪಕ್ಕದಲ್ಲೇ ಇದ್ದರು. ಬಿಸಿಲಿದ್ದಾಗ ಆ ತಂತಿಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ವಿದ್ಯಾರ್ಥಿಗಳು ಒಬ್ಬೊಬ್ಬರೇ ಮುಟ್ಟಬಾರದು.

ಹೀಗಾಗಿ ವೇಗ 4,800 ಬಿಟ್ ಅಂತ ತೀರ್ಮಾನಿಸಿದೆವು. ಹಗಲಲ್ಲೂ 5.3 ಡೆಸಿಬೆಲ್ ಉಳಿಯುತ್ತದೆ. ತಪ್ಪು ತಿದ್ದುವ ಕೋಡಿಂಗ್ ಸೇರಿಸಿದರೆ ಇನ್ನಷ್ಟು ಸಿಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯದೆ ಕೈಯಲ್ಲಿ ಇಟ್ಟುಕೊಂಡೆವು. 14 ನಿಮಿಷಕ್ಕೆ 4,800 ಬಿಟ್‌ನಂತೆ ದಿನಕ್ಕೆ ಸುಮಾರು 500 ಕಿಲೋಬೈಟ್. ಮಾಹಿತಿಯ ಪ್ರತಿ ತುಣುಕಿನ (ಪ್ಯಾಕೆಟ್) ತಲೆಬರಹ, ಮತ್ತೆ ಕಳಿಸುವುದು, ಕಳೆದುಹೋಗುವುದು ಎಲ್ಲ ಕಳೆದು ಅರ್ಧ ಅಂದರೂ 250 ಕಿಲೋಬೈಟ್.

ಇದೇ ಜಾಗದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.825 ಮೆಗಾಹರ್ಟ್ಸ್ ಪ್ಯಾಕೆಟ್‌ಗಳನ್ನು ಕೇಳಲು ಇನ್ನೊಂದು ಯಾಗಿ ಮಾಡಿದೆವು. ಕಡ್ಡಿ ಮೂರು ಪಟ್ಟು ಉದ್ದ, ಉಳಿದದ್ದು ಅದೇ. ಪರದೆ ಮೇಲೆ ಮೊದಲ ಪ್ಯಾಕೆಟ್ ಬಿಡಿಸಿಕೊಂಡು ಬಂದಾಗ ಎರಡನೇ ವರ್ಷದ ಹುಡುಗಿಯರು ಕುಣಿದಾಡಿದರು. ನನಗೂ ಕಣ್ಣು ತುಂಬಿತು. ಉಪಗ್ರಹ ಹತ್ತಿರ ಬರುವಾಗ ಸಂಕೇತದ ಆವರ್ತನ ಮೇಲೂ, ದೂರ ಹೋಗುವಾಗ ಕೆಳಗೂ ಸರಿಯುವ ಡಾಪ್ಲರ್ ಗೆರೆಯನ್ನು ಕಣ್ಣಾರೆ ಕಂಡರೆ ಭೌತಶಾಸ್ತ್ರದ ಆ ಪಾಠ ಮತ್ತೆ ಹೇಳಬೇಕಿಲ್ಲ. ನಮ್ಮ ಉಪಗ್ರಹಕ್ಕಾದರೆ 436 ಮೆಗಾಹರ್ಟ್ಸ್‌ನಲ್ಲಿ ಅದು ಎರಡೂ ಕಡೆ ಸುಮಾರು 10 ಕಿಲೋಹರ್ಟ್ಸ್ ಸರಿಯುತ್ತದೆ.

ಕರೆಂಟ್ ಮತ್ತು ತೂಕ

ಇಲ್ಲಿ ದೊಡ್ಡ ಕಷ್ಟ ಬರಲಿಲ್ಲ. ಐದು ಮುಖಗಳಿಗೆ ಎರಡೆರಡು ಸೌರಕೋಶ, ಬಾಹ್ಯಾಕಾಶಕ್ಕೆ ಬಳಸುವ 28 ಪ್ರತಿಶತ ದಕ್ಷತೆಯವು. ತಿರುಗುತ್ತಿರುವ ಡಬ್ಬಿಗೆ ಬಿಸಿಲಿನಲ್ಲಿ ಸರಾಸರಿ 2.9 ವಾಟ್. ಸುತ್ತಿನ 94.6 ನಿಮಿಷದಲ್ಲಿ 36 ನಿಮಿಷದವರೆಗೆ ಭೂಮಿಯ ನೆರಳು. ನಷ್ಟ ಕಳೆದು ಸರಾಸರಿ 1.4 ವಾಟ್ ಉಳಿಯುತ್ತದೆ. ನಮ್ಮ ಖರ್ಚು 1.1. ಬ್ಯಾಟರಿಗೆ 18650 ಅನ್ನುವ ಅಳತೆಯ ಲಿಥಿಯಂ ಸೆಲ್ ಎರಡು ಸಾಕು. ನೆರಳಿನ ಹೊತ್ತು ಅದರ ನಾಲ್ಕು ಪ್ರತಿಶತವೂ ಖರ್ಚಾಗುವುದಿಲ್ಲ. ಅಷ್ಟು ಕಮ್ಮಿ ಇರಲೇಬೇಕು, ಏಕೆಂದರೆ ವರ್ಷಕ್ಕೆ ಐದೂವರೆ ಸಾವಿರ ಸಲ ಚಾರ್ಜ್ ಆಗಿ ಇಳಿಯುತ್ತದೆ. ತೂಕ 1 ಕಿಲೋ ಒಳಗೆ ಬಂತು.

ಡ್ಯಾಮ್ ಫೋಟೊ ಯಾಕೆ ಬಿಟ್ಟೆವು

ದಿನಕ್ಕೆ 250 ಕಿಲೋಬೈಟ್ ಅಂದರೆ ಸಣ್ಣ ಫೋಟೊ ನಾಲ್ಕೈದು ಇಳಿಯುತ್ತವೆ. ಹಾಗಾಗಿ ರೇಡಿಯೊ ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಬೇರೆ.

16 ಮಿಲಿಮೀಟರ್ ಲೆನ್ಸ್, 3 ಮೈಕ್ರಾನ್ ಪಿಕ್ಸೆಲ್ ಇದ್ದರೆ 500 ಕಿಲೋಮೀಟರಿನಿಂದ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 94 ಮೀಟರ್. 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಹಾರಿದ ಸ್ಟಡ್‌ಸ್ಯಾಟ್-1ರ ಕ್ಯಾಮೆರಾ ಕೂಡ 90 ಮೀಟರಿನದೇ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಮಾಡಿದ ಉಪಗ್ರಹ ಅದು. ಆ ಕಾಲಕ್ಕೆ ಅದು ದೊಡ್ಡ ಸಾಧನೆ. ಈಗ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರಿನ ಚಿತ್ರವನ್ನು ಐದು ದಿನಕ್ಕೊಮ್ಮೆ ಪುಕ್ಕಟೆ ಕೊಡುತ್ತವೆ. ನಮ್ಮ ಒಂದು ಪಿಕ್ಸೆಲ್ ಇರುವ ಜಾಗದಲ್ಲಿ ಅದರದು 88 ಪಿಕ್ಸೆಲ್.

ಇನ್ನೊಂದು ತೊಡಕು ದಿಕ್ಕು. ನಮ್ಮ ಚಿತ್ರದ ಅಗಲ 60 ಕಿಲೋಮೀಟರ್. ಉಪಗ್ರಹ ಬರೀ 5 ಡಿಗ್ರಿ ಓರೆಯಾದರೆ ಗುರಿ 44 ಕಿಲೋಮೀಟರ್ ಜರುಗುತ್ತದೆ. ಡ್ಯಾಮ್ ಕೇಳಿದರೆ ಕುಷ್ಟಗಿಯೋ ಗದಗವೋ ಬಂದೀತು. 5 ಡಿಗ್ರಿಗಿಂತ ಚೆನ್ನಾಗಿ ಹಿಡಿದು ನಿಲ್ಲಿಸಲು ಬೇಕಾದ ನಿಯಂತ್ರಣವೇ ಒಂದು ಪೂರ್ತಿ ಪ್ರಾಜೆಕ್ಟ್. ಜಲಾಶಯ ತುಂಬಿದಾಗ 378 ಚದರ ಕಿಲೋಮೀಟರ್ ಹರಡುತ್ತದೆ. ಅದನ್ನು ನೋಡಲು ಸೆಂಟಿನೆಲ್ ಚಿತ್ರ ಇಳಿಸಿಕೊಂಡು ನೀರಿನ ಅಂಚು ಗುರುತಿಸುವ ಕೆಲಸವನ್ನು ಬೇರೆ ತಂಡ ಶುರು ಮಾಡಿದೆ. ಡ್ಯಾಮಿಗೆ ನಿಜವಾಗಿ ಉಪಯೋಗ ಆಗುವುದು ಅದೇ ಅಂತ ನನ್ನ ನಂಬಿಕೆ.

ಕಾಲುವೆಯ ಯೋಚನೆ ಬಿಡುವಾಗ ಮನಸ್ಸಿಗೆ ಕಷ್ಟವಾಯಿತು. ಮೂರು ಕಾರಣ ಇದ್ದವು. ಇಂಥ ಕಕ್ಷೆಯಲ್ಲಿ ಹಾಯುವಿಕೆಗಳು ಬೆಳಿಗ್ಗೆ ಒಂದು ಗುಂಪು, ರಾತ್ರಿ ಒಂದು ಗುಂಪು. ನೀರು ಬಿಟ್ಟ ಸುದ್ದಿ ಹನ್ನೆರಡು ತಾಸು ತಡವಾಗಿ ಬಂದರೆ ರೈತನಿಗೆ ಏನು ಪ್ರಯೋಜನ? ಎರಡನೆಯದು ಹ್ಯಾಮ್ ಪಟ್ಟಿಯ ನಿಯಮ. ಅದು ಕಲಿಕೆಗೆ, ಪ್ರಯೋಗಕ್ಕೆ. ಅದರಲ್ಲಿ ಖಾಯಂ ಸೇವೆ ನಡೆಸುವಂತಿಲ್ಲ, ಸಂದೇಶವನ್ನು ಗುಟ್ಟಾಗಿಸುವಂತಿಲ್ಲ. ಮೂರನೆಯದು ಎಲ್ಲಕ್ಕಿಂತ ಸರಳ. ಕಾಲುವೆ ಗುಂಟ ಮೊಬೈಲ್ ಟವರ್‌ಗಳಿವೆ. ಒಂದು ಸಿಮ್ ಹಾಕಿದ ಮೀಟರ್ ಈ ಕೆಲಸವನ್ನು ನಿಮಿಷದಲ್ಲಿ ಮಾಡುತ್ತದೆ. ಸಿಗ್ನಲ್ ಇಲ್ಲದ ಕಡೆ 865ರಿಂದ 867 ಮೆಗಾಹರ್ಟ್ಸ್‌ನ ಲೋರಾ ಇದೆ, ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೊ, ಅದಕ್ಕೆ ಲೈಸೆನ್ಸ್ ಬೇಡ. ಸಿರವಾರದ ಹುಡುಗ ಈಗ ಅದನ್ನೇ ಕಟ್ಟುತ್ತಿದ್ದಾನೆ.

ನಾಲ್ಕು ವರ್ಷದ ಕೋರ್ಸ್, ಒಂಬತ್ತು ವರ್ಷದ ಉಪಗ್ರಹ

ವಾಟ್, ಡೆಸಿಬೆಲ್ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ಬಾಂಬೆ ಐಐಟಿಯ ‘ಪ್ರಥಮ್’ ಶುರುವಾದದ್ದು 2007ರಲ್ಲಿ, ಹಾರಿದ್ದು 2016ರ ಸೆಪ್ಟೆಂಬರ್ 26ಕ್ಕೆ. ಪುಣೆಯ ಎಂಜಿನಿಯರಿಂಗ್ ಕಾಲೇಜಿನ ‘ಸ್ವಯಂ’ 2008ರಲ್ಲಿ ಶುರುವಾಗಿ 2016ರ ಜೂನ್ 22ಕ್ಕೆ ಹಾರಿತು. ಅಂಥ ದೊಡ್ಡ ಸಂಸ್ಥೆಗಳಿಗೇ ಎಂಟು ಒಂಬತ್ತು ವರ್ಷ. ನಮ್ಮ ವಿದ್ಯಾರ್ಥಿ ಮೂರನೇ ಸೆಮಿಸ್ಟರಿನಲ್ಲಿ ಸೇರಿ ಎಂಟನೆಯದರಲ್ಲಿ ಹೋಗುತ್ತಾನೆ. ಅಂದರೆ ಒಂದು ಉಪಗ್ರಹಕ್ಕೆ ಮೂರು ಪೀಳಿಗೆ ಬೇಕು. ಪ್ರತಿ ಸಲ ಕೈ ಬದಲಾದಾಗ ಗೊತ್ತಿದ್ದದ್ದು ಅರ್ಧ ಹೋಗುತ್ತದೆ. ಆಮೇಲೂ ಹಾರುವುದು ನಮ್ಮ ಕೈಯಲ್ಲಿಲ್ಲ. 2022ರ ಆಗಸ್ಟ್ 7ರಂದು ಇಸ್ರೋದ ಮೊದಲ ಎಸ್‌ಎಸ್‌ಎಲ್‌ವಿ ರಾಕೆಟ್ ಜೊತೆ ‘ಆಜಾದಿಸ್ಯಾಟ್’ ಕಳೆದುಹೋಯಿತು. ದೇಶದ 750 ಶಾಲಾ ಹುಡುಗಿಯರು ಅದಕ್ಕೆ ಕೈಜೋಡಿಸಿದ್ದರು. ಆರು ತಿಂಗಳಲ್ಲಿ ಎರಡನೆಯದನ್ನು ಹಾರಿಸಿದರು ಅನ್ನುವುದು ಅವರ ಗಟ್ಟಿತನ.

ಹಾಗಾದರೆ ಏನು? ಇಸ್ರೋ ಪಿಎಸ್‌ಎಲ್‌ವಿಯ ನಾಲ್ಕನೇ ಹಂತವನ್ನು, ಕೆಲಸ ಮುಗಿದ ಮೇಲೆ ಎಸೆಯದೆ, ಪ್ರಯೋಗದ ವೇದಿಕೆಯಾಗಿ ಬಳಸುತ್ತದೆ. ಅದರ ಹೆಸರು ‘ಪೋಯಮ್’. 2022ರ ಜೂನ್ 30ರ ಪಿಎಸ್‌ಎಲ್‌ವಿ-ಸಿ53ರಲ್ಲಿ ಮೊದಲು ಬಂತು. ಸೌರ ಫಲಕ, ಬ್ಯಾಟರಿ, ದಿಕ್ಕು ಹಿಡಿದು ನಿಲ್ಲುವ ವ್ಯವಸ್ಥೆ, ಭೂಮಿಗೆ ಮಾಹಿತಿ ಕಳಿಸುವ ದಾರಿ ಎಲ್ಲ ಅದರಲ್ಲೇ ಇದೆ. ನಾವು ನಮ್ಮ ಪ್ರಯೋಗದ ಡಬ್ಬಿ ಮಾತ್ರ ಕೊಡಬೇಕು. 2024ರ ಡಿಸೆಂಬರ್ 30ರ ಪೋಯಮ್-4ರಲ್ಲಿ ಬೆಂಗಳೂರಿನ ಆರ್‌ವಿ ಕಾಲೇಜಿನ ಬ್ಯಾಕ್ಟೀರಿಯಾ ಪ್ರಯೋಗ ಹೋಯಿತು. ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿಯ ಹ್ಯಾಮ್ ರೇಡಿಯೊ ಪೆಟ್ಟಿಗೆಯೂ ಹೋಯಿತು. ಚಿಕ್ಕಬಳ್ಳಾಪುರದವರಿಗೆ ಆಗಿದ್ದು ಕೊಪ್ಪಳಕ್ಕೆ ಯಾಕಾಗಬಾರದು? ಕಸದ ಚಿಂತೆಯೂ ಇಲ್ಲ. ಪೋಯಮ್-3ನ್ನು 350 ಕಿಲೋಮೀಟರಿಗೆ ಇಳಿಸಿದ್ದರು. ಅದು 2024ರ ಜನವರಿ 1ಕ್ಕೆ ಹಾರಿ ಮಾರ್ಚ್ 21ಕ್ಕೆ ವಾತಾವರಣಕ್ಕೆ ಮರಳಿತು.

ನಮ್ಮದೇ ಉಪಗ್ರಹ ಅನ್ನುವ ಆಸೆ ಬಿಡಲು ಕೆಲವರಿಗೆ ಬೇಜಾರಾಯಿತು. ಆದರೆ ಕಾಗದದ ಮೇಲೆ ಇಟ್ಟು ನೋಡಿದಾಗ ಎರಡು ವರ್ಷದೊಳಗೆ ಒಂದೇ ತಂಡ ಮುಗಿಸಬಹುದಾದದ್ದು ಇದೊಂದೇ. ಎಲ್ಲರೂ ಒಪ್ಪಿದರು.

ಈಗ ಬೆಂಚ್ ಮೇಲಿರುವ ಬೋರ್ಡ್

ಆರಿಸಿಕೊಂಡ ಪ್ರಯೋಗ ಇದು. ಅಂಗಡಿಯಲ್ಲಿ ಸಿಗುವ ಮೆಮೊರಿ ಚಿಪ್‌ಗಳಿಗೆ ಸೊನ್ನೆ ಒಂದು ಸೊನ್ನೆ ಒಂದು ಅಂತ ಬರೆದಿಟ್ಟು, ಮತ್ತೆ ಮತ್ತೆ ಓದುವುದು. ಬಾಹ್ಯಾಕಾಶದ ಕಣ ಬಡಿದು ಯಾವುದಾದರೂ ಬಿಟ್ ತಿರುಗಿದರೆ ಸಮಯ, ಚಿಪ್, ವಿಳಾಸ ಬರೆದುಕೊಳ್ಳುವುದು. ಒಂದು ಘಟನೆಗೆ 16 ಬೈಟ್ ಸಾಕು. ಎಷ್ಟು ಘಟನೆ ಸಿಗುತ್ತದೆ ಅನ್ನುವುದು ಎಷ್ಟು ಬಿಟ್ ಇಟ್ಟಿದ್ದೇವೆ, ಎಷ್ಟು ದಿನ ಇಟ್ಟಿದ್ದೇವೆ ಅನ್ನುವುದರ ಮೇಲೆ ಹೋಗುತ್ತದೆ. ಪೋಯಮ್ ಆಯುಷ್ಯ ತಿಂಗಳುಗಳದ್ದು, ಹಾಗಾಗಿ ಎರಡು ಬಗೆಯ ಮೆಮೊರಿ ಚಿಪ್ ಜಾಸ್ತಿ ಹಾಕಿದ್ದೇವೆ. ಎಸ್‌ರ‍್ಯಾಮ್ ಜೊತೆ ಎಫ್‌ರ‍್ಯಾಮ್ ಕೂಡ ಇದೆ. ಎಫ್‌ರ‍್ಯಾಮ್ ಬಿಟ್ ಹಿಡಿದಿಡುವ ರೀತಿಯೇ ಬೇರೆ, ಸುಲಭಕ್ಕೆ ತಿರುಗುವುದಿಲ್ಲ. ಎರಡನ್ನೂ ಒಂದೇ ಹೊತ್ತಿಗೆ ಹೋಲಿಸಬಹುದು.

ಒಂದು ಸಂಗತಿ ನಮ್ಮ ಕೈಯಲ್ಲಿಲ್ಲ. ಕಣಗಳು ಜೋರಾಗಿರುವುದು ದಕ್ಷಿಣ ಅಮೆರಿಕದ ಮೇಲಿನ ದಕ್ಷಿಣ ಅಟ್ಲಾಂಟಿಕ್ ಪ್ರದೇಶದಲ್ಲಿ. ಪೋಯಮ್-4 ಸುತ್ತಿದ್ದು ಭೂಮಧ್ಯರೇಖೆಗೆ 55 ಡಿಗ್ರಿ ಓರೆಯಲ್ಲಿ, ಆ ಪ್ರದೇಶದ ನಡುವೆಯೇ ಹಾಯುತ್ತಿತ್ತು. ಪೋಯಮ್-3ರ ಓರೆ 10 ಡಿಗ್ರಿಯೂ ಇರಲಿಲ್ಲ, ಅದು ಬರೀ ಅಂಚು ಸವರುತ್ತಿತ್ತು. ನಮಗೆ ಯಾವುದು ಸಿಗುತ್ತದೋ ಅದು ರಾಕೆಟ್ಟಿನ ಮುಖ್ಯ ಉಪಗ್ರಹದ ಮೇಲೆ ನಿಂತಿದೆ. ಎರಡಕ್ಕೂ ಬೇರೆ ಬೇರೆ ಯೋಜನೆ ಬರೆದಿಟ್ಟಿದ್ದೇವೆ.

ಬೋರ್ಡಿನ ಮೊದಲ ಪ್ರತಿಯಲ್ಲಿ ಬಿಟ್‌ಗಳನ್ನು ಸಾಫ್ಟ್‌ವೇರ್‌ನಿಂದಲೇ ತಿರುಗಿಸಿ, ಎಲ್ಲ ಸಿಕ್ಕಿಬೀಳುತ್ತವೆಯೇ ನೋಡಿದೆವು. ಸಿಕ್ಕಿವೆ. ಕಣ ಬಡಿದು ಚಿಪ್ ಒಳಗೆ ಶಾರ್ಟ್ ಆದಂತಾಗಿ ಕರೆಂಟ್ ಒಮ್ಮೆಲೇ ಏರಬಹುದು. ಅದಕ್ಕೆ ಪ್ರತಿ ಚಿಪ್ ಗುಂಪಿಗೂ ಕರೆಂಟ್ ಮಿತಿಯ ಸ್ವಿಚ್ ಇದೆ. ಏರಿದ ಕೂಡಲೇ ಕತ್ತರಿಸಿ ಮತ್ತೆ ಕೊಡುತ್ತದೆ.

ಶಾಖದ ಪರೀಕ್ಷೆಗೆ ಎಸಿ ರಿಪೇರಿಯವರ ವ್ಯಾಕ್ಯೂಮ್ ಪಂಪ್ ಬಾಡಿಗೆಗೆ ತಂದೆವು. ದಪ್ಪ ಸ್ಟೀಲ್ ಪಾತ್ರೆ, ಮೇಲೆ ದಪ್ಪ ಅಕ್ರಿಲಿಕ್ ಮುಚ್ಚಳ, ನಡುವೆ ಸಿಲಿಕೋನ್ ರಬ್ಬರ್. ಇದು ನಿಜವಾದ ಬಾಹ್ಯಾಕಾಶ ಪರೀಕ್ಷೆ ಅಲ್ಲ. ಗಾಳಿ ಇಲ್ಲದಿದ್ದರೆ ಶಾಖ ಸುಲಭಕ್ಕೆ ಹೊರಹೋಗುವುದಿಲ್ಲ ಅನ್ನುವುದನ್ನು ನೋಡಲು ಸಾಕು. ಗಾಳಿಯಲ್ಲಿ 48 ಡಿಗ್ರಿಗೆ ನಿಂತಿದ್ದ ವೋಲ್ಟೇಜ್ ರೆಗ್ಯುಲೇಟರ್ ಒಳಗೆ 71ಕ್ಕೆ ಏರಿತು. ಅದರ ಕೆಳಗೆ ತಾಮ್ರದ ಹಾಸು ದೊಡ್ಡದು ಮಾಡಿ, ತಳದ ಅಲ್ಯುಮಿನಿಯಂ ತಟ್ಟೆಗೆ ತಾಮ್ರದ ಪಟ್ಟಿ ಎಳೆದ ಮೇಲೆ 55. ಮುಚ್ಚಳದ ಮುಂದೆ ಮುಖ ಇಟ್ಟು ನೋಡಬೇಡಿ, ಕ್ಯಾಮೆರಾ ಇಡಿ.

ಸಾಮಾನಿನ ಪಟ್ಟಿಯನ್ನೂ ಬದಲಿಸಿದೆವು. ಪಿವಿಸಿ ಹೊದಿಕೆಯ ತಂತಿ ನಿರ್ವಾತದಲ್ಲಿ ಆವಿ ಬಿಟ್ಟು ಪಕ್ಕದವರ ಲೆನ್ಸ್ ಮಬ್ಬು ಮಾಡುತ್ತದೆ, ಹಾಗಾಗಿ ಟೆಫ್ಲಾನ್ ತಂತಿ. ಯಾವ ವಸ್ತುವಾದರೂ ಪರೀಕ್ಷೆಯಲ್ಲಿ ಒಟ್ಟು ತೂಕದ 1 ಪ್ರತಿಶತಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು, ಮೆತ್ತಿಕೊಳ್ಳುವ ಆವಿ 0.1 ಪ್ರತಿಶತ ಮೀರಬಾರದು ಅನ್ನುವುದು ರೂಢಿಯಲ್ಲಿರುವ ಅಳತೆ. ಒಳಗೆ ದ್ರವ ಇರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ತೆಗೆದೆವು. ಎತ್ತರದ ಬಿಡಿಭಾಗಗಳ ಬುಡಕ್ಕೆ ಅಂಟು ಹಾಕುತ್ತೇವೆ, ರಾಕೆಟ್ ನಡುಕಕ್ಕೆ ಕಾಲು ಮುರಿಯದಿರಲಿ ಅಂತ. ನಡುಕದ ಪರೀಕ್ಷೆ ಮನೆಯಲ್ಲಿ ಆಗುವುದಲ್ಲ. ಅದನ್ನು ಸರಿಯಾದ ಪ್ರಯೋಗಾಲಯದಲ್ಲೇ ಮಾಡಿಸಬೇಕು. ನಮ್ಮ ಬಜೆಟ್ಟಿನಲ್ಲಿ ದೊಡ್ಡ ಸಾಲು ಅದೇ.

ಮುಂದೆ ಎರಡು ಕೆಲಸ ಒಟ್ಟಿಗೆ ನಡೆಯಬೇಕು. ಬೋರ್ಡಿನ ಎರಡನೇ ಪ್ರತಿ ತಯಾರಾಗಿ ತಿಂಗಳುಗಟ್ಟಲೆ ನಿಲ್ಲದೆ ಓಡಬೇಕು, ಆಮೇಲೆ ಖಾಸಗಿಯವರ, ಕಾಲೇಜುಗಳ ಬಾಹ್ಯಾಕಾಶ ಕೆಲಸಕ್ಕೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ ಇನ್-ಸ್ಪೇಸ್‌ಗೆ ಅರ್ಜಿ. ಇತ್ತ ಮೊದಲ ವರ್ಷದ ಮಕ್ಕಳು ಹ್ಯಾಮ್ ಲೈಸೆನ್ಸ್ ಪರೀಕ್ಷೆಗೆ ಓದುತ್ತಿದ್ದಾರೆ. 12 ವರ್ಷ ತುಂಬಿದ ಯಾರಾದರೂ ಬರೆಯಬಹುದು, ಹಾಗಾಗಿ ಹೈಸ್ಕೂಲಿನ ಕೆಲವರೂ ಸೇರಿಕೊಂಡಿದ್ದಾರೆ. ಮಾಳಿಗೆಯ ಆಂಟೆನಾ, ರಿಸೀವರ್ ಇರುವ ಗ್ರೌಂಡ್ ಸ್ಟೇಷನ್ ಅವರ ಕೈಗೆ ಹೋಗುತ್ತದೆ.

ಬಳ್ಳಾರಿ, ರಾಯಚೂರು ಕಡೆ ಯಾರಾದರೂ ತಮ್ಮ ಮಾಳಿಗೆಯಲ್ಲಿ ಯಾಗಿ ನಿಲ್ಲಿಸುವುದಿದ್ದರೆ, 50 ಓಮ್ ಲೋಡ್ ಜೊತೆ ಹೋಲಿಸಿ ಹಗಲು ಒಂದು, ರಾತ್ರಿ ಒಂದು ನಾಯ್ಸ್ ಓದು ತೆಗೆದು ನಮಗೂ ಹೇಳಿ. ಕಡ್ಡಿಗಳ ಅಳತೆ, ಸಾಗವಾನಿ ಪಟ್ಟಿಯ ತೂತುಗಳ ನಕ್ಷೆ ಕೇಳಿದವರಿಗೆ ಕೊಡುತ್ತೇವೆ.